ಸೂಕ್ಷ್ಮದರ್ಶಕಕ್ಕೆ ಗಣಿತವನ್ನು ಕಲಿಸಿದ ಎರ್ನ್ಸ್ಟ್ ಅಬ್ಬೆ

ಜರ್ಮನಿ ದೇಶದ ತುರಿಂಗಿಯಾ ಪ್ರಾಂತದಲ್ಲಿ ಐಸೆನಾಖ್ ಎಂಬ ಪಟ್ಟಣವುಂಟು. ಊರಿನ ಮೇಲ್ಗಡೆ ಬೆಟ್ಟದ ನೆತ್ತಿಯಲ್ಲಿ ವಾರ್ಟ್‌ಬುರ್ಗ್ ಎಂಬ ಪುರಾತನವಾದ ಕೋಟೆಯಿರುವುದು. ಮಾರ್ಟಿನ್ ಲೂಥರನು 1521ನೆಯ ಇಸವಿಯಲ್ಲಿ ಆ ಕೋಟೆಯಲ್ಲಿ ಮರೆಯಾಗಿದ್ದುಕೊಂಡು ಹೊಸ ಒಡಂಬಡಿಕೆಯನ್ನು ತನ್ನ ಜನರಾಡುವ ನುಡಿಗೆ ತಿರುಗಿಸತೊಡಗಿದ ಸಂಗತಿಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಸಂಗೀತಲೋಕದ ಮಹಾಪುರುಷನಾದ ಬಾಖನು 1685ರಲ್ಲಿ ಜನಿಸಿದುದೂ ಇದೇ ಊರಿನಲ್ಲಿ. ಅಲ್ಲಿ 1840ನೆಯ ಇಸವಿ ಜನವರಿ 23ರಂದು ಒಬ್ಬ ನೂಲುವ ಕೂಲಿಗಾರನ ಮನೆಯಲ್ಲಿ ಹುಟ್ಟಿದ ಮಗುವಿನ ಚರಿತ್ರೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಲು ಮನಸ್ಸಾಗಿದೆ. ಆ ಮಗುವಿನ ಹೆಸರು ಎರ್ನ್ಸ್ಟ್ ಅಬ್ಬೆ. ಈ ಹೆಸರು ನಮ್ಮ ಕಿವಿಗೆ ತಾಯಿಯನ್ನು ಕರೆಯುವ ಹಳೆಯ ಕನ್ನಡ ಮಾತಿನಂತೆ ಕೇಳುವುದಾದರೂ ಅವರ ದೇಶದಲ್ಲಿ ಅದೊಂದು ಮನೆತನದ ಹೆಸರು, ಅಷ್ಟೇ.

ಶಾಲೆಯ ವಿಜ್ಞಾನದ ಕೊಠಡಿಯಲ್ಲಿ ಸೂಕ್ಷ್ಮದರ್ಶಕ ಯಂತ್ರದೊಳಗೆ ಒಂದು ಕಣ್ಣನ್ನಿಟ್ಟು, ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಈರುಳ್ಳಿಯ ಪೊರೆಯನ್ನು ನೋಡಿದ ನೆನಪು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹು ಮಂದಿಗೆ ಇರಬಹುದು. ಆ ಯಂತ್ರದ ಕೆಳಗಣ ಹಿತ್ತಾಳೆಯ ಕೊಳವೆಗಳ ಮೇಲೆ 10 ಎಂದೂ 40 ಎಂದೂ ಕೆತ್ತಿದ್ದ ಅಂಕೆಗಳನ್ನು ನೋಡಿದವರೂ ಇರಬಹುದು. ಆ ಅಂಕೆಗಳು ಎಲ್ಲಿಂದ ಬಂದವು, ಅವುಗಳನ್ನು ಮನಸ್ಸಿಗೆ ಬಂದಷ್ಟು ಹೆಚ್ಚಿಸುತ್ತ ಹೋಗಲಾಗದೆ ಏಕೆ ನಿಲ್ಲಿಸಬೇಕಾಯಿತು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಹಿಡಿದವನು ಈತನು. ಆದರೆ ಮೊದಲು ಆತನ ತಂದೆಯ ವಿಷಯವನ್ನು ಹೇಳಬೇಕು. ಏಕೆಂದರೆ ಮಗನ ಜೀವಿತದ ಅರ್ಧಭಾಗವು ತಂದೆಯ ಬೆನ್ನಿನ ಮೇಲಿನ ಭಾರದಿಂದಲೇ ರೂಪುಗೊಂಡಿತು.

ತಂದೆಯಾದ ಗೇಯೋರ್ಗ್ ಆದಂ ಅಬ್ಬೆಯು ಐಸೆನಾಖಿನ ನೂಲಿನ ಗಿರಣಿಯಲ್ಲಿ ದುಡಿಯುತ್ತಿದ್ದನು. ಆ ಕಾಲದ ಗಿರಣಿಯ ಕೆಲಸವೆಂದರೆ ದಿನಕ್ಕೆ 14 ಗಂಟೆಗೆ ಕಡಿಮೆಯಿಲ್ಲ. ವ್ಯಾಪಾರವು ಬಿರುಸಾದಾಗ 16 ಗಂಟೆಗಳು. ಕುಳಿತುಕೊಳ್ಳಲು ಅವಕಾಶವಿಲ್ಲ, ಊಟಕ್ಕೆಂದು ಯಂತ್ರವು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಬಾಲಕನಾದ ಎರ್ನ್ಸ್ಟನೋ ಆತನ ತಂಗಿಯೋ ಮನೆಯಿಂದ ಬುತ್ತಿಯನ್ನು ಹೊತ್ತುಕೊಂಡು ಹೋಗುವರು. ತಂದೆಯು ಯಂತ್ರಕ್ಕೆ ಒರಗಿ ನಿಂತುಕೊಂಡೇ ಗಬಗಬನೆ ಉಂಡು, ಬರಿದಾದ ಪಾತ್ರೆಯನ್ನು ಮಗುವಿನ ಕೈಗೆ ಕೊಟ್ಟು, ಒಡನೆಯೇ ಕೆಲಸಕ್ಕೆ ತಿರುಗುವನು. ಆತನು ಸಾಮಾನ್ಯ ಆಳಲ್ಲ. ಮಗನಿಗಿಂತಲೂ ಅರ್ಧ ತಲೆಯಷ್ಟು ಎತ್ತರವಾಗಿದ್ದ ದೃಢಕಾಯನು. ಹಾಗಿದ್ದವನು 48ನೆಯ ವಯಸ್ಸಿಗೆ ನಡೆಯಲ್ಲಿಯೂ ಮುಖದಲ್ಲಿಯೂ ಮುದುಕನಾಗಿ ಹೋದನು. ಈ ಚಿತ್ರವು ಮಗನ ಮನಸ್ಸಿನಿಂದ ಎಂದಿಗೂ ಅಳಿಯಲಿಲ್ಲ. ತಾನು ಹಿರಿಯನಾಗಿ, ಧನಿಕನಾಗಿ, ಪ್ರಸಿದ್ಧನಾದ ಮೇಲೆ, ತನ್ನ 60ನೆಯ ವಯಸ್ಸು ದಾಟಿದ ಮೇಲೂ ಬಹಿರಂಗ ಸಭೆಯೊಂದರಲ್ಲಿ ಆತನು ಇದನ್ನು ವರ್ಣಿಸಿ ಹೇಳಿದನು.

ಬಾಲಕನ ಬುದ್ಧಿಯನ್ನು ಕಂಡು ಗಿರಣಿಯ ಒಡೆಯರೇ ಓದಿಗೆ ನೆರವಾದರು. ಇದು ಅವರ ಪಾಲಿಗೆ ಸಲ್ಲಬೇಕಾದ ಪುಣ್ಯವೇ ಸರಿ. ಊರಿನ ಶಾಲೆಯನ್ನು ಮುಗಿಸಿ 1857ರಲ್ಲಿ ಆತನು ಯೇನಾ ಪಟ್ಟಣದ ವಿಶ್ವವಿದ್ಯಾಲಯವನ್ನು ಸೇರಿದನು. ಎರಡು ವರ್ಷಗಳ ತರುವಾಯ ಗ್ಯೋಟಿಂಗೆನ್ ನಗರಕ್ಕೆ ಹೋಗಿ, ವೆಬರ್, ರೀಮಾನ್ ಮುಂತಾದ ದೊಡ್ಡ ಪಂಡಿತರ ಪಾಠಗಳನ್ನು ಕೇಳಿದನು. ಕೈಯಲ್ಲಿ ಹಣವಿಲ್ಲದ್ದರಿಂದ ಇತರರಿಗೆ ಮನೆಪಾಠ ಹೇಳಿ ಹೊಟ್ಟೆ ಹೊರೆದುಕೊಳ್ಳಬೇಕಾಯಿತು. 1861ರಲ್ಲಿ, 21ನೆಯ ವಯಸ್ಸಿನಲ್ಲಿ, ಉಷ್ಣಕ್ಕೂ ಯಾಂತ್ರಿಕ ಕೆಲಸಕ್ಕೂ ಇರುವ ಸಮಾನತೆಯನ್ನು ಕುರಿತು ಪ್ರಬಂಧವನ್ನು ಬರೆದು ಡಾಕ್ಟರ್ ಪದವಿಯನ್ನು ಪಡೆದನು. ಸ್ವಲ್ಪ ಕಾಲ ಫ್ರಾಂಕ್‌ಫರ್ಟ್ ನಗರದಲ್ಲಿ ಉಪನ್ಯಾಸ ಮಾಡಿಕೊಂಡಿದ್ದು, 1863ರಲ್ಲಿ ಯೇನಾಕ್ಕೆ ಹಿಂತಿರುಗಿ ಅಲ್ಲಿ ಅಧ್ಯಾಪಕನಾದನು. ಅಂದಿನ ಅಧ್ಯಾಪಕ ಪದವಿಯು ಹೆಸರಿಗೆ ಹಿರಿದು, ಸಂಬಳವು ಅತ್ಯಲ್ಪ.

ಇದೇ ಯೇನಾ ಪಟ್ಟಣದಲ್ಲಿ ಕಾರ್ಲ್ ಝೈಸ್ ಎಂಬ ಕುಶಲ ಶಿಲ್ಪಿಯು 1846ರಿಂದ ಒಂದು ಚಿಕ್ಕ ಕಾರ್ಯಾಗಾರವನ್ನು ನಡಿಸುತ್ತಿದ್ದನು. ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಿಗೂ ವೈದ್ಯರಿಗೂ ಬೇಕಾದ ಸೂಕ್ಷ್ಮದರ್ಶಕಗಳನ್ನು ಆತನು ಮಾಡಿಕೊಡುತ್ತಿದ್ದನು. ಆತನಿಗೆ ಒಂದು ಕೊರಗಿತ್ತು. ಅದನ್ನು ತಿಳಿಯಬೇಕಾದರೆ ಆ ಯಂತ್ರದ ಒಳಗನ್ನು ಸ್ವಲ್ಪ ನೋಡಬೇಕು. ಗಣಿತವೆಂದರೆ ಹಿಂಜರಿಯುವ ವಾಚಕರು ಮುಂದಣ ಕೆಲವು ಸಾಲುಗಳನ್ನು ತಾಳ್ಮೆಯಿಂದ ಓದಬೇಕೆಂದು ಬೇಡುತ್ತೇನೆ. ಭಾಗಾಕಾರವೂ ಗುಣಾಕಾರವೂ ಬಂದರೆ ಸಾಕು.

ಒಂದು ಭೂತಗನ್ನಡಿಯನ್ನು ಬಿಸಿಲಿಗೆ ಹಿಡಿದರೆ ಕಿರಣಗಳೆಲ್ಲ ಒಂದು ಚುಕ್ಕೆಯಲ್ಲಿ ಕೂಡಿ ಕಾಗದವನ್ನು ಸುಡುವುದನ್ನು ಮಕ್ಕಳೆಲ್ಲರೂ ಬಲ್ಲರು. ಗಾಜಿನಿಂದ ಆ ಚುಕ್ಕೆಯವರೆಗಿನ ದೂರಕ್ಕೆ ಸಂಗಮದೂರವೆಂದು ಹೆಸರು. ಗಾಜಿನ ಮೈ ಹೆಚ್ಚು ಉಬ್ಬಿದಷ್ಟೂ ಈ ದೂರವು ಕಡಿಮೆಯಾಗುತ್ತದೆ. ನಮ್ಮ ಕಣ್ಣು ಯಾವ ವಸ್ತುವನ್ನಾದರೂ ಸುಮಾರು 250 ಮಿಲಿಮೀಟರಿಗಿಂತ ಹತ್ತಿರಕ್ಕೆ ತಂದರೆ ಸ್ಪಷ್ಟವಾಗಿ ನೋಡಲಾರದು, ಅದು ಮಂಜುಮಂಜಾಗುವುದು. ಆದರೆ 25 ಮಿಲಿಮೀಟರ್ ಸಂಗಮದೂರವುಳ್ಳ ಮಸೂರವೊಂದನ್ನು ಕಣ್ಣಿನೆದುರು ಹಿಡಿದರೆ, ವಸ್ತುವನ್ನು 25 ಮಿಲಿಮೀಟರಿನಷ್ಟು ಹತ್ತಿರಕ್ಕೆ ತಂದು ನೋಡಬಹುದು. 250ನ್ನು 25ರಿಂದ ಭಾಗಿಸಿದರೆ 10 ಬಂದಿತಷ್ಟೆ. ಆ ಮಸೂರವು ವಸ್ತುವನ್ನು 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಹಾಲೆಂಡಿನ ಲೇವನ್‌ಹುಕ್ ಎಂಬಾತನು 17ನೆಯ ಶತಮಾನದಲ್ಲಿ ಸಾಸಿವೆ ಕಾಳಿನಂತಹ ಪುಟ್ಟ ಗಾಜಿನ ಮಣಿಗಳನ್ನು ಮಾಡಿಕೊಂಡು, ಒಂದೇ ಮಸೂರದಿಂದ 200 ಪಟ್ಟಿಗೂ ಮೀರಿದ ವರ್ಧನೆಯನ್ನು ಪಡೆದಿದ್ದನು. ಆದರೆ ಅಂತಹ ಮಣಿಯನ್ನು ಕಣ್ಣಿನ ರೆಪ್ಪೆಗೆ ತಗಲುವಂತೆ ಹಿಡಿದು ನೋಡುವುದು ಎಲ್ಲರಿಂದಲೂ ಆಗುವ ಕೆಲಸವಲ್ಲ.

ಸಂಯುಕ್ತ ಸೂಕ್ಷ್ಮದರ್ಶಕದಲ್ಲಿ ಕೆಲಸವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ವಸ್ತುವಿನ ಬಳಿಯಿರುವ ವಸ್ತುಮಸೂರಕ್ಕೆ ಸಂಗಮದೂರವು ಬಹಳ ಕಡಿಮೆ; ವಸ್ತುವನ್ನು ಆ ಸಂಗಮದೂರಕ್ಕಿಂತ ಕೂದಲೆಳೆಯಷ್ಟು ಆಚೆಗಿಟ್ಟರೆ, ಕೊಳವೆಯ ಮೇಲ್ತುದಿಯಲ್ಲಿ ಅದರ ತಲೆಕೆಳಗಾದ ದೊಡ್ಡ ಬಿಂಬವೊಂದು ಗಾಳಿಯಲ್ಲಿ ಮೂಡುತ್ತದೆ. ಮಸೂರದ ಹಿಂಬದಿಯ ಸಂಗಮಬಿಂದುವಿನಿಂದ ಆ ಬಿಂಬದವರೆಗಿನ ಅಂತರವು ಸುಮಾರು 160 ಮಿಲಿಮೀಟರುಗಳೆಂದು ಇಟ್ಟುಕೊಳ್ಳೋಣ. ವಸ್ತುಮಸೂರದ ಸಂಗಮದೂರವು 16 ಮಿಲಿಮೀಟರ್ ಆಗಿದ್ದರೆ ಬಿಂಬವು 10 ಪಟ್ಟು; 4 ಮಿಲಿಮೀಟರ್ ಆಗಿದ್ದರೆ 40 ಪಟ್ಟು. ಕೊಳವೆಗಳ ಮೇಲೆ ಕೆತ್ತಿದ ಅಂಕೆಗಳ ಗುಟ್ಟು ಇದೇ. ಕಣ್ಣಿನ ಬಳಿಯ ನೇತ್ರಮಸೂರವು ಭೂತಗನ್ನಡಿಯಂತೆ ವರ್ತಿಸಿ, ಆ ಬಿಂಬವನ್ನೇ ಮತ್ತೆ ಹಿಗ್ಗಿಸುತ್ತದೆ. ಅದರ ಸಂಗಮದೂರವು 25 ಮಿಲಿಮೀಟರ್ ಆದರೆ, ಮೇಲೆ ಹೇಳಿದಂತೆ 10 ಪಟ್ಟು. 40ನ್ನು 10ರಿಂದ ಗುಣಿಸಿದರೆ ಒಟ್ಟು ವರ್ಧನೆಯು 400. ಎರಡು ಮಸೂರಗಳಲ್ಲಿ ಯಾವುದೊಂದರ ಸಂಗಮದೂರವನ್ನು ಅರ್ಧಕ್ಕೆ ಇಳಿಸಿದರೂ ಒಟ್ಟು ವರ್ಧನೆಯು ಇಮ್ಮಡಿಯಾಗುತ್ತದೆ. ಕಾಗದದ ಮೇಲೆ ಇದು ಎಷ್ಟು ಸುಲಭವಾದ ಲೆಕ್ಕ! ಹೀಗಾದರೆ ಲಕ್ಷ ಪಟ್ಟು ಹಿಗ್ಗಿಸುವ ಯಂತ್ರವನ್ನು ಮಾಡಲು ಅಡ್ಡಿಯೇನು ಎಂದು ಯಾರಿಗಾದರೂ ತೋರದೆ ಇರದು.

ಅಡ್ಡಿಗಳು ಇದ್ದವು. ಸಂಗಮದೂರ ಕಡಿಮೆಯಾದಷ್ಟೂ ಮಸೂರದ ಅಂಚಿನಿಂದ ಬಂದ ಕಿರಣಗಳು ನಡುವಿನ ಕಿರಣಗಳೊಂದಿಗೆ ಒಂದೇ ಕಡೆ ಕೂಡದೆ ಬಿಂಬವನ್ನು ಕಲಸಿಬಿಡುವುವು. ಕೆಂಪು ಬೆಳಕು ಒಂದು ಕಡೆ, ನೀಲಿ ಬೆಳಕು ಮತ್ತೊಂದು ಕಡೆ ಕೂಡಿ, ವಸ್ತುವಿನ ಸುತ್ತ ಕಾಮನಬಿಲ್ಲಿನ ಅಂಚು ಕಟ್ಟುವುದು. ಈ ದೋಷಗಳನ್ನು ನೀಗಲು ಬೇರೆಬೇರೆ ಗಾಜಿನ ಅನೇಕ ಮಸೂರಗಳನ್ನು ಒಂದರ ಮೇಲೊಂದು ಪೇರಿಸುವರು. ಯಾವ ಮಸೂರಕ್ಕೆ ಯಾವುದು ಜೊತೆಯೆಂಬುದಕ್ಕೆ ಅಂದು ಲೆಕ್ಕವಿರಲಿಲ್ಲ. ಝೈಸನ ಮೇಸ್ತ್ರಿಯಾದ ಆಗಸ್ಟ್ ಲೋಬರನಂತಹ ಕೈಗಾರರು ಒಂದನ್ನು ಜೋಡಿಸಿ ನೋಡುವರು, ಬಿಚ್ಚುವರು, ಇನ್ನೊಂದನ್ನು ಉಜ್ಜುವರು, ಮತ್ತೆ ನೋಡುವರು. ಅಡಿಗೆಯಲ್ಲಿ ಉಪ್ಪುಹುಳಿಯನ್ನು ನಾಲಗೆಯ ಮೇಲಿಟ್ಟು ನೋಡಿ ಸರಿಪಡಿಸಿದಂತೆಯೇ ಸರಿ. ಒಂದು ಯಂತ್ರವು ಚೆನ್ನಾಗಿ ಬಂದರೆ, ಮುಂದಿನದೂ ಹಾಗೆಯೇ ಬರುವುದೆಂಬ ಭರವಸೆಯಿಲ್ಲ. ಇದೇ ಝೈಸನ ಕೊರಗು. ಮಸೂರವನ್ನು ಉಜ್ಜುವ ಮೊದಲೇ ಅದರ ಆಕಾರವನ್ನು ಗಣಿತದಿಂದ ಗೊತ್ತುಮಾಡಬೇಕೆಂದು ಆತನು ಹಂಬಲಿಸಿದನು. ಹಿಂದೆ ಒಬ್ಬ ಗಣಿತಜ್ಞನಿಂದ ಪ್ರಯತ್ನ ಮಾಡಿಸಿ ಫಲ ಕಾಣದೆ ಹೋಗಿದ್ದನು. 1866ರಲ್ಲಿ ಆತನು ಯುವಕನಾದ ಅಬ್ಬೆಯ ಸಹಾಯವನ್ನು ಕೇಳಿದನು. ಝೈಸನಿಗೆ ಆಗ ವಯಸ್ಸು 50, ಅಬ್ಬೆಗೆ 26.

ಅಬ್ಬೆಯು ಕೆಲಸಕ್ಕೆ ತೊಡಗಿದನು. ಪ್ರತಿಯೊಂದು ಕಿರಣವು ಪ್ರತಿಯೊಂದು ಗಾಜಿನ ಮೈಯಲ್ಲಿ ಹೇಗೆ ಬಾಗುವುದೆಂಬುದನ್ನು ಕಾಗದದ ಮೇಲೆ ಹೆಜ್ಜೆಹೆಜ್ಜೆಯಾಗಿ ಗುಣಿಸುತ್ತ ಹೋದನು. ಗಾಜಿನ ಗುಣವನ್ನೂ ಮಸೂರದ ಉಬ್ಬನ್ನೂ ಅಳೆಯಲು ಹೊಸ ಉಪಕರಣಗಳನ್ನು ಕಲ್ಪಿಸಿದನು. ಅಂಚಿನ ಕಿರಣಗಳೇ ಬಿಂಬವನ್ನು ಕೆಡಿಸುವುವಾದುದರಿಂದ, ಅವುಗಳನ್ನು ಒಳಗೆ ಬಿಡದೆ, ಕಿರಿದಾದ ಬೆಳಕಿನ ಶಂಕುವನ್ನು ಮಾತ್ರ ಸ್ವೀಕರಿಸುವಂತೆ ವಸ್ತುಮಸೂರವನ್ನು ರಚಿಸುವುದು ಜಾಣತನವೆಂದು ಆತನಿಗೆ ತೋರಿತು. ಯಾರಿಗೆ ತಾನೇ ಹಾಗೆ ತೋರದು? ಲೆಕ್ಕದ ಪ್ರಕಾರ ಮಸೂರಗಳನ್ನು ಉಜ್ಜಿದರು, ಜೋಡಿಸಿದರು, ನೋಡಿದರು. ಲೆಕ್ಕದಂತೆಯೇ ದೋಷಗಳು ಕಡಿಮೆಯಾಗಿದ್ದವು. ಆದರೆ ಮೇಸ್ತ್ರಿಗಳು ಕೈಯಂದಾಜಿನಿಂದ ಮಾಡಿದ, ಅದೇ ಸಂಗಮದೂರದ, ಅದೇ ವರ್ಧನೆಯ ಹಳೆಯ ಮಸೂರಗಳಲ್ಲಿ ಕಾಣುತ್ತಿದ್ದ ಅತಿಸೂಕ್ಷ್ಮವಾದ ಗೆರೆಗಳು ಈ ಹೊಸ ಮಸೂರದಲ್ಲಿ ಕಾಣಲೇ ಇಲ್ಲ!

ವರ್ಷಗಟ್ಟಲೆ ದುಡಿದು, ಚಿಕ್ಕದೊಂದು ಕಾರ್ಯಾಗಾರದ ಹಣವನ್ನೂ ಹಿರಿಯನೊಬ್ಬನ ವಿಶ್ವಾಸವನ್ನೂ ಪಣಕ್ಕಿಟ್ಟು, ಗಣಿತವು ಕೈಯಂದಾಜಿಗೆ ಸೋತುಹೋಯಿತೆಂದರೆ ಆ ತರುಣನ ಸ್ಥಿತಿಯನ್ನು ಊಹಿಸಬಹುದು. ಝೈಸನು ಅಲ್ಲಿಗೆ ಕೈಬಿಟ್ಟಿದ್ದರೆ ಅದನ್ನು ತಪ್ಪೆನ್ನುವವರಿರಲಿಲ್ಲ. ಆತನು ಬಿಡಲಿಲ್ಲ. ಅಬ್ಬೆಯೂ ಸೋಲನ್ನು ಮುಚ್ಚಿಟ್ಟುಕೊಳ್ಳದೆ, ಈ ಸೋಲಿಗೆ ಕಾರಣವೇನೆಂಬುದನ್ನೇ ಹುಡುಕತೊಡಗಿದನು. ನನ್ನ ಅಭಿಪ್ರಾಯದಲ್ಲಿ ಆತನ ಜೀವಮಾನದ ದೊಡ್ಡ ಕಾರ್ಯವು ಇಲ್ಲಿ ಪ್ರಾರಂಭವಾಯಿತು.

ಆತನು ಗಾಜಿನ ಮೇಲೆ ಒತ್ತಾಗಿ ಗೀಚಿದ ಗೆರೆಗಳನ್ನು ವಸ್ತುವಾಗಿ ಇಟ್ಟನು. ನೇತ್ರಮಸೂರವನ್ನು ತೆಗೆದುಬಿಟ್ಟು ಕೊಳವೆಯೊಳಗೆ ಇಣಿಕಿ ನೋಡಿದನು. ವಸ್ತುಮಸೂರದ ಹಿಂಬದಿಯಲ್ಲಿ ನಡುವೆ ಬಿಳಿಯ ಬೆಳಕಿನ ಚುಕ್ಕೆಯೊಂದು. ಅದರ ಇಕ್ಕೆಲಗಳಲ್ಲಿ ಸಾಲಾಗಿ ಬಣ್ಣದ ಚುಕ್ಕೆಗಳು. ಬೆಳಕು ಅಲೆಗಳ ರೂಪದಲ್ಲಿ ಸಾಗುವುದರಿಂದ, ಒತ್ತಾದ ಗೆರೆಗಳ ಸಂದಿಯಲ್ಲಿ ಹಾಯುವಾಗ ನೇರವಾಗಿ ಹೋಗುವುದಲ್ಲದೆ ಪಕ್ಕಗಳಿಗೂ ಕವಲೊಡೆಯುವುದು. ಇದಕ್ಕೆ ವಿವರ್ತನೆಯೆಂದು ಹೆಸರು. ಈ ಪಕ್ಕದ ಚುಕ್ಕೆಗಳನ್ನು ಅಬ್ಬೆಯು ಸಣ್ಣ ತಗಡಿನ ಚೂರಿನಿಂದ ಮುಚ್ಚಿ, ನೇತ್ರಮಸೂರವನ್ನು ಮತ್ತೆ ಇಟ್ಟು ನೋಡಿದನು. ಗೆರೆಗಳು ಮಾಯವಾಗಿದ್ದವು, ಬರಿಯ ಬೆಳಕಿನ ಬಯಲು ಉಳಿದಿತ್ತು. ಒಂದು ಬಿಟ್ಟು ಒಂದು ಚುಕ್ಕೆಯನ್ನು ಮುಚ್ಚಿದರೆ, ವಸ್ತುವಿನಲ್ಲಿದ್ದುದಕ್ಕಿಂತ ಇಮ್ಮಡಿ ಗೆರೆಗಳು ಕಾಣಿಸಿಕೊಂಡವು. ಇಲ್ಲದ ಗೆರೆಗಳನ್ನು ಕಣ್ಣು ಕಂಡಿತು! ಆದುದರಿಂದ ಬಿಂಬವನ್ನು ಕಟ್ಟುವುದು ನಡುವಿನ ಬೆಳಕು ಮಾತ್ರವಲ್ಲ; ಪಕ್ಕಕ್ಕೆ ಚದರಿದ ಬೆಳಕೂ ಅದರೊಂದಿಗೆ ಬಂದು ಕೂಡಿಕೊಂಡರೆ ಮಾತ್ರ ವಸ್ತುವಿನ ಸೂಕ್ಷ್ಮರಚನೆಯು ಬಿಂಬದಲ್ಲಿ ಮೂಡುತ್ತದೆ. ಗೆರೆಗಳು ಎಷ್ಟು ಒತ್ತಾಗಿರುವುವೋ ಆ ಬೆಳಕು ಅಷ್ಟು ಓರೆಯಾಗಿ ಹೊರಡುತ್ತದೆ. ಅದನ್ನು ಹಿಡಿಯಬೇಕಾದರೆ ಮಸೂರವು ಅಗಲವಾಗಿ ಬಾಯ್ದೆರೆದಿರಬೇಕು. ಮೇಸ್ತ್ರಿಗಳ ಹಳೆಯ ಮಸೂರಗಳು ತಮಗರಿವಿಲ್ಲದೆಯೇ ಹಾಗೆ ತೆರೆದುಕೊಂಡಿದ್ದವು. ಅಬ್ಬೆಯ ಮಸೂರವಾದರೋ ಜಾಣತನದಿಂದ ಬಾಯಿ ಮುಚ್ಚಿಕೊಂಡಿತ್ತು.

ವರ್ಧನೆಯು ಬೇರೆ, ಬಿಡಿಸಿ ತೋರಿಸುವ ಶಕ್ತಿಯು ಬೇರೆ ಎಂಬುದು ಇದರಿಂದ ಖಚಿತವಾಯಿತು. ಸಂಗಮದೂರಗಳು ವರ್ಧನೆಯನ್ನು ನಿರ್ಣಯಿಸುತ್ತವೆ. ಆದರೆ ಒತ್ತಿಗೆ ಒತ್ತಾದ ಎರಡು ಚುಕ್ಕೆಗಳನ್ನು ಎರಡೆಂದು ತೋರಿಸುವ ಶಕ್ತಿಯು ಬೆಳಕಿನ ಅಲೆಯುದ್ದವನ್ನೂ ಮಸೂರವು ಸ್ವೀಕರಿಸುವ ಶಂಕುವಿನ ಅಗಲವನ್ನೂ ಅವಲಂಬಿಸಿದೆ. ಈ ಅಗಲವನ್ನು ಅಳೆಯಲು ಅಬ್ಬೆಯು ಒಂದು ಸಂಖ್ಯೆಯನ್ನು ಗೊತ್ತುಮಾಡಿದನು. ಅದಕ್ಕೆ ಸಂಖ್ಯಾತ್ಮಕ ದ್ವಾರವೆಂದು ಹೇಳುವರು. ಅಲೆಯುದ್ದವನ್ನು ಈ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿದರೆ, ಆ ಮಸೂರವು ಬಿಡಿಸಿ ತೋರಿಸಬಲ್ಲ ಅತ್ಯಲ್ಪ ಅಂತರವು ದೊರೆಯುತ್ತದೆ. ಶಾಲೆಯ ಯಂತ್ರದಲ್ಲಿ 40 ಎಂದು ಕೆತ್ತಿದ ಮಸೂರದ ಪಕ್ಕದಲ್ಲಿ ಸಾಮಾನ್ಯವಾಗಿ 0.65 ಎಂಬ ಇನ್ನೊಂದು ಅಂಕೆಯೂ ಇರುತ್ತದೆ, ಅದೇ ಇದು. ಹಸುರು ಬೆಳಕಿನ ಅಲೆಯುದ್ದವು 0.55 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಅದನ್ನು 1.3ರಿಂದ ಭಾಗಿಸಿದರೆ ಸುಮಾರು 0.42 ಮೈಕ್ರಾನ್ ಆಯಿತು. ಇದಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಆ ಮಸೂರಕ್ಕೆ ಒಂದೇ ಆಗಿ ಕಾಣುವುವು. ಈಗ ನೇತ್ರಮಸೂರದ ಸಂಗಮದೂರವನ್ನು 25 ಮಿಲಿಮೀಟರಿನಿಂದ 10ಕ್ಕೆ ಇಳಿಸಿ ಒಟ್ಟು ವರ್ಧನೆಯನ್ನು 1000ಕ್ಕೆ ಏರಿಸಿದರೂ ಆ ಒಂದು ಚುಕ್ಕೆಯು ದೊಡ್ಡದೊಂದು ಮಸಕು ಚುಕ್ಕೆಯಾಗುವುದೇ ಹೊರತು ಎರಡಾಗದು. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವನ್ನು ಭೂತಗನ್ನಡಿಯಿಂದ ನೋಡಿದರೆ ಮಸಿಯ ಚುಕ್ಕೆಗಳು ದಪ್ಪಗಾಗುವುವಲ್ಲದೆ ಮುಖದ ಹೊಸ ಲಕ್ಷಣವೇನೂ ಕಾಣಿಸದಷ್ಟೆ. ಸಂಖ್ಯಾತ್ಮಕ ದ್ವಾರದ ಸುಮಾರು ಸಾವಿರ ಪಟ್ಟಿಗೆ ಮೀರಿದ ವರ್ಧನೆಯೆಲ್ಲವೂ ಪೊಳ್ಳು ವರ್ಧನೆಯೆಂದು ಈಗಲೂ ಎಣಿಸುತ್ತಾರೆ. ಯಂತ್ರವನ್ನು ಮಾರುವವರು ಮಾತ್ರ ಇಂದಿಗೂ ವರ್ಧನೆಯ ಅಂಕೆಯನ್ನೇ ದೊಡ್ಡ ಅಕ್ಷರಗಳಲ್ಲಿ ಅಚ್ಚುಹಾಕಿಸುವುದನ್ನು ಬಿಟ್ಟಿಲ್ಲ. ಮಕ್ಕಳಿಗೆಂದು ಇಂತಹ ಯಂತ್ರವನ್ನು ಕೊಳ್ಳುವ ತಂದೆತಾಯಿಗಳು ಇದನ್ನು ಗಮನದಲ್ಲಿಡುವುದು ಒಳ್ಳೆಯದು.

1872ರ ವೇಳೆಗೆ ಝೈಸನ ಎಲ್ಲ ವಸ್ತುಮಸೂರಗಳೂ ಅಬ್ಬೆಯ ಲೆಕ್ಕದಂತೆ ಸಿದ್ಧವಾಗುತ್ತಿದ್ದವು. 1873ರಲ್ಲಿ ಆತನು ತನ್ನ ಸಿದ್ಧಾಂತವನ್ನು ಪ್ರಕಟಿಸಿದನು. ಗಣಿತಜ್ಞನು ಬರೆದ ಆ ಲೇಖನದಲ್ಲಿ ಒಂದು ಸೂತ್ರವೂ ಇರಲಿಲ್ಲ, ಎಲ್ಲವನ್ನೂ ವಾಕ್ಯಗಳಲ್ಲಿಯೇ ವಿವರಿಸಿದ್ದನು ಎಂಬುದು ವಿನೋದವಾದ ಸಂಗತಿ. ವಸ್ತುವಿನ ಕೆಳಗಿನಿಂದ ಅಗಲವಾದ ಬೆಳಕಿನ ಶಂಕುವನ್ನು ಹಾಯಿಸುವ ಉಪಕರಣವನ್ನೂ ಆತನೇ ರಚಿಸಿದನು. ಅದು ಇಂದಿಗೂ ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಗಾಜಿನಿಂದ ಗಾಳಿಗೆ ಹೊರಡುವಾಗ ಓರೆಯಾದ ಕಿರಣಗಳು ಇನ್ನೂ ಓರೆಯಾಗಿ ಬಾಗಿ ಕೈತಪ್ಪಿ ಹೋಗುವುದರಿಂದ, ಗಾಳಿಯಲ್ಲಿ ಸಂಖ್ಯಾತ್ಮಕ ದ್ವಾರವು 1ನ್ನು ಮುಟ್ಟಲಾರದು. ಇಂಗ್ಲೆಂಡಿನ ಸ್ಟೀವನ್ಸನ್ ಎಂಬವನ ಸಲಹೆಯಂತೆ, ಗಾಜಿನಷ್ಟೇ ವಕ್ರೀಭವನವುಳ್ಳ ಎಣ್ಣೆಯ ಒಂದು ತೊಟ್ಟನ್ನು ಮಸೂರಕ್ಕೂ ವಸ್ತುವಿಗೂ ನಡುವೆ ಇಟ್ಟರೆ ಕಿರಣಗಳು ಬಾಗದೆ ನೇರವಾಗಿ ಒಳಸೇರುವುವೆಂದು ಕಂಡು, 1878ರಲ್ಲಿ ಅಂತಹ ಮಸೂರಗಳನ್ನು ಅಬ್ಬೆಯು ಸಿದ್ಧಪಡಿಸಿದನು. ಸಂಖ್ಯೆಯು 1.2ಕ್ಕೂ ಮೇಲೇರಿತು, ಮುಂದೆ 1.4ರವರೆಗೂ ಹೋಯಿತು. ಆಗ ಕಾಣುವ ಅತ್ಯಲ್ಪ ಅಂತರವು ಸುಮಾರು 0.2 ಮೈಕ್ರಾನ್.

ಇದರ ಫಲವೇನಾಯಿತೆಂಬುದನ್ನು ದಾದಿಯರೂ ವೈದ್ಯೆಯರೂ ಆಗಿರುವ ಹಳೆಯ ವಿದ್ಯಾರ್ಥಿನಿಯರಿಗೆ ಹೇಳಬೇಕಾಗಿಲ್ಲ. ರಾಬರ್ಟ್ ಕಾಖನು ಅಬ್ಬೆಯ ಬೆಳಕಿನ ಉಪಕರಣವನ್ನೂ ಎಣ್ಣೆಯ ಮಸೂರವನ್ನೂ ಬಳಸಿ ರೋಗಾಣುಗಳನ್ನು ಪರೀಕ್ಷಿಸುತ್ತಿದ್ದನು. 1882ನೆಯ ಇಸವಿ ಮಾರ್ಚಿ 24ರಂದು ಬರ್ಲಿನ್ ನಗರದಲ್ಲಿ ಆತನು ಕ್ಷಯರೋಗದ ಅಣುವನ್ನು ಕಂಡುಹಿಡಿದೆನೆಂದು ಸಾರಿದನು. ಆ ಅಣುವಿನ ಉದ್ದವು 2ರಿಂದ 4 ಮೈಕ್ರಾನ್. ದಪ್ಪವು ಅರ್ಧ ಮೈಕ್ರಾನಿಗೂ ಕಡಿಮೆ, ಕೆಲವೊಮ್ಮೆ 0.2 ಮಾತ್ರ. ಎಂದರೆ ಬೆಳಕಿನಿಂದ ಕಾಣಬಹುದಾದ ಕಟ್ಟಕಡೆಯ ಅಂಚಿನಲ್ಲಿ ಅದು ಅಡಗಿತ್ತು. ಕಫದ ಪರೀಕ್ಷೆಯಲ್ಲಿ ಇಂದಿಗೂ ಎಣ್ಣೆಯ ತೊಟ್ಟನ್ನಿಟ್ಟು ನೋಡುವ ಪದ್ಧತಿಯುಂಟು.

ಒಳ್ಳೆಯ ಗಾಜಿಲ್ಲದೆ ಇನ್ನು ಮುಂದೆ ಹೋಗುವಂತಿರಲಿಲ್ಲ. ಒಟ್ಟೊ ಷಾಟ್ ಎಂಬ ರಸಾಯನಶಾಸ್ತ್ರಜ್ಞನು 1879ರಲ್ಲಿ ತಾನು ಕರಗಿಸಿದ ಹೊಸ ಗಾಜಿನ ತುಂಡನ್ನು ಅಬ್ಬೆಗೆ ಕಳುಹಿಸಿದನು. 1882ರಲ್ಲಿ ಯೇನಾಕ್ಕೆ ಬಂದು ನೆಲಸಿದನು. 1884ರಲ್ಲಿ ಇವರೆಲ್ಲ ಕೂಡಿ ಗಾಜಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಎರಡೇ ವರ್ಷಗಳಲ್ಲಿ ಬಣ್ಣದ ಅಂಚು ಬಹುಮಟ್ಟಿಗೆ ಇಲ್ಲದ ಮಸೂರಗಳು ಹೊರಬಂದವು. ಸೂಕ್ಷ್ಮದರ್ಶಕದ ಈ ಸುಧಾರಣೆಗಳಿಗೆ ಅಬ್ಬೆಯು ಏಕಸ್ವಾಮ್ಯದ ಹಕ್ಕನ್ನು ಪಡೆಯಲಿಲ್ಲ. ಜ್ಞಾನಾರ್ಜನೆಯ ಉಪಕರಣವನ್ನು ಬೇಲಿಹಾಕಿ ಇಟ್ಟುಕೊಳ್ಳಬಾರದೆಂಬುದು ಆತನ ಮತ.

ಈ ನಡುವೆ ಆತನು 1871ರಲ್ಲಿ ತನ್ನ ಗುರುವಾದ ಸ್ನೆಲ್ ಎಂಬವರ ಮಗಳು ಎಲ್ಸೆಯನ್ನು ವಿವಾಹವಾಗಿದ್ದನು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. 1876ರಲ್ಲಿ ಝೈಸನು ಆತನನ್ನು ಉದ್ಯಮದಲ್ಲಿ ಪಾಲುಗಾರನನ್ನಾಗಿ ಮಾಡಿಕೊಂಡನು. ಹೆಲ್ಮ್‌ಹೋಲ್ಟ್ಸ್ ಮಹಾಶಯನು ಬರ್ಲಿನಿನಲ್ಲಿ ಆಚಾರ್ಯಪದವಿಯನ್ನು ಕೊಡಿಸುವೆನೆಂದರೂ ಅಬ್ಬೆಯು ಯೇನಾವನ್ನು ಬಿಡಲಿಲ್ಲ. ಕೂಲಿಗಾರನ ಮಗನು ಹೀಗೆ ಧನಿಕನಾದನು. ಝೈಸನು 1888ರಲ್ಲಿ ತೀರಿಕೊಂಡ ಮೇಲೆ, ಈ ಐಶ್ವರ್ಯವನ್ನು ಏನು ಮಾಡಬೇಕೆಂಬ ಪ್ರಶ್ನೆಯು ಆತನ ಮುಂದೆ ನಿಂತಿತು.

1889ರಲ್ಲಿ ಆತನು ಒಂದು ಧರ್ಮನಿಧಿಯನ್ನು ಸ್ಥಾಪಿಸಿದನು. 1891ರಲ್ಲಿ ಸೂಕ್ಷ್ಮದರ್ಶಕದ ಕಾರ್ಖಾನೆಯಲ್ಲಿಯೂ ಗಾಜಿನ ಕಾರ್ಖಾನೆಯಲ್ಲಿಯೂ ತನಗಿದ್ದ ಪಾಲುಗಳನ್ನು ಅದಕ್ಕೆ ಬರೆದುಕೊಟ್ಟು, ಒಡೆಯನಾಗಿದ್ದವನು ಅಲ್ಲಿಯೇ ಸಂಬಳಗಾರನಾಗಿ ನಿಂತನು. ನಿಧಿಗೆ ತನ್ನ ಹೆಸರನ್ನಿಡದೆ ಝೈಸನ ಹೆಸರನ್ನಿಟ್ಟನು. ಲಾಭವು ಕಾರ್ಖಾನೆಯ ಬೆಳವಣಿಗೆಗೂ ವಿಶ್ವವಿದ್ಯಾಲಯಕ್ಕೂ ಊರಿನ ಹಿತಕ್ಕೂ ಕೆಲಸಗಾರರಿಗೂ ಸಲ್ಲತಕ್ಕದ್ದು. 1896ರ ನಿಬಂಧನೆಗಳಲ್ಲಿ ನಿವೃತ್ತಿವೇತನ, ಸಂಬಳಸಹಿತವಾದ ರಜ, ಲಾಭದಲ್ಲಿ ಪಾಲು, ಕೆಲಸದಿಂದ ತೆಗೆದರೆ ಪರಿಹಾರ, ಇವೆಲ್ಲವನ್ನೂ ದಯೆಯಿಂದ ಕೊಡುವ ದಾನವಾಗಿ ಅಲ್ಲ, ಕೆಲಸಗಾರನು ಕೇಳಿ ಪಡೆಯಬಹುದಾದ ಹಕ್ಕಾಗಿ ಬರೆದನು. ಕಾರ್ಖಾನೆಯ ಮೇಲಧಿಕಾರಿಯ ಸಂಬಳವು ಕೆಲಸಗಾರರ ಸರಾಸರಿ ಸಂಪಾದನೆಯ ಹತ್ತರಷ್ಟನ್ನು ಮೀರಕೂಡದು. ಯಾರನ್ನಾದರೂ ಕೆಲಸಕ್ಕೆ ನೇಮಿಸುವಾಗ ಕುಲವನ್ನಾಗಲಿ ಮತವನ್ನಾಗಲಿ ರಾಜಕೀಯ ಪಕ್ಷವನ್ನಾಗಲಿ ವಿಚಾರಿಸಕೂಡದು. ಅಬ್ಬೆಯು ಪ್ರಾಯಕ್ಕೆ ಬಂದ ಮೇಲೆ ಸಭೆಯ ನಂಬಿಕೆಗಳಿಂದ ದೂರ ಸರಿದವನೆಂಬುದನ್ನು ಈ ಸಂಚಿಕೆಯ ವಾಚಕರಿಂದ ಮರೆಮಾಚುವುದು ನ್ಯಾಯವಲ್ಲ. ಆದರೂ ತನಗೆ ದೊರೆತ ತಲಾಂತುಗಳ ಲೆಕ್ಕವನ್ನು ಇಷ್ಟು ಚೊಕ್ಕಟವಾಗಿ ಒಪ್ಪಿಸಿದವರು ಸಭೆಯೊಳಗೂ ಅನೇಕರಿರಲಾರರು.

1900ರಲ್ಲಿ ದಿನದ ಕೆಲಸವನ್ನು 9 ಗಂಟೆಯಿಂದ 8ಕ್ಕೆ ಇಳಿಸಲಾಯಿತು. ಇದರಿಂದ ಕಾರ್ಖಾನೆಯು ಹಾಳಾಗುವುದೆಂದು ಹೇಳಿದವರು ಉಂಟು. ಅಬ್ಬೆಯು ಮಸೂರವನ್ನು ಪರೀಕ್ಷಿಸಿದಂತೆಯೇ ಇದನ್ನೂ ಪರೀಕ್ಷಿಸಿದನು. ಮಾಡಿದ ಕೆಲಸದ ಪರಿಮಾಣಕ್ಕೆ ತಕ್ಕಂತೆ ಕೂಲಿ ಪಡೆಯುತ್ತಿದ್ದ 233 ಮಂದಿಯ ಹಿಂದಿನ ವರ್ಷದ ಲೆಕ್ಕವನ್ನೂ ಮುಂದಿನ ವರ್ಷದ ಲೆಕ್ಕವನ್ನೂ ಹೋಲಿಸಿದನು. ಗಂಟೆಯೊಂದನ್ನು ಬಿಟ್ಟುದರಿಂದ ನಷ್ಟವಾಗದಿರಬೇಕಾದರೆ ಗಂಟೆಯ ಕೆಲಸವು ನೂರಕ್ಕೆ 12.5ರಷ್ಟು ಹೆಚ್ಚಬೇಕಾಗಿತ್ತು, ಅದು 16ರಷ್ಟು ಹೆಚ್ಚಿತ್ತು. ಎಂಟು ಗಂಟೆಗಳಲ್ಲಿ ಆಗುತ್ತಿದ್ದ ಕೆಲಸವು ಹಿಂದೆ ಒಂಬತ್ತು ಗಂಟೆಗಳಲ್ಲಿ ಆಗುತ್ತಿದ್ದುದಕ್ಕಿಂತ ಸ್ವಲ್ಪ ಹೆಚ್ಚೇ ಆಗಿತ್ತು. 1901ರಲ್ಲಿ ಈ ಲೆಕ್ಕವನ್ನು ಸಭೆಯ ಮುಂದಿಡುವಾಗಲೇ ಆತನು ಯಂತ್ರಕ್ಕೆ ಒರಗಿ ಉಣ್ಣುತ್ತಿದ್ದ ತನ್ನ ತಂದೆಯ ವಿಷಯವನ್ನು ಹೇಳಿದುದು.

ಅತಿಶ್ರಮದಿಂದ ಆತನ ದೇಹವು ಕುಗ್ಗಿತು. 1903ರಲ್ಲಿ ಆಡಳಿತದಿಂದ ನಿವೃತ್ತನಾಗಿ, 1905ನೆಯ ಇಸವಿ ಜನವರಿ 14ರಂದು, 65 ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಯೇನಾದಲ್ಲಿ ತೀರಿಕೊಂಡನು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ, ತರುವಾಯ ದೇಶವು ಇಬ್ಭಾಗವಾದಾಗಲೂ ಆತನ ಕಾರ್ಖಾನೆಯು ಪಟ್ಟ ಪಾಡು ಬೇರೊಂದು ಕಥೆ. ನಿಧಿಯಾದರೋ ಇಂದಿಗೂ ಉಳಿದುಕೊಂಡು ಆ ಎರಡು ಉದ್ಯಮಗಳ ಒಡೆತನವನ್ನು ಹೊಂದಿದೆ. ಬೆಳಕಿಗೆ ಆತನು ಕಟ್ಟಿದ ಎಲ್ಲೆಯನ್ನು, ಹೊಳೆಯುವ ಅಣುಗಳನ್ನು ಒಂದೊಂದಾಗಿ ಬೆಳಗಿಸಿಯೂ ಆರಿಸಿಯೂ ನೋಡುವ ಹೊಸ ಉಪಾಯಗಳಿಂದ ದಾಟಿದ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕವು ದೊರಕಿತು. ಅವರು ದಾಟಿದರೆಂದು ಅಬ್ಬೆಯ ಲೆಕ್ಕವು ಸುಳ್ಳಾಗಲಿಲ್ಲ; ಆತನು ಹೇಳಿದ ಮಸೂರಗಳಿಗೆ ಆತನು ಹೇಳಿದ ಎಲ್ಲೆಯೇ ಈಗಲೂ ಸಲ್ಲುತ್ತದೆ.

ಯೇನಾ ಪಟ್ಟಣದಲ್ಲಿ ಆತನ ಸೂತ್ರವನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಇದಲ್ಲದೆ 1911ರಲ್ಲಿ ಕಟ್ಟಿ ಮುಗಿಸಿದ ಎಂಟು ಮೂಲೆಯ ಚಿಕ್ಕ ಮಂಟಪವೊಂದು ಆತನ ಸ್ಮಾರಕವಾಗಿ ಅಲ್ಲಿ ನಿಂತಿದೆ. ಅದನ್ನು ರಚಿಸಿದವನು ಬೆಲ್ಜಿಯಂ ದೇಶದ ವಾನ್ ಡೆ ವೆಲ್ಡೆ. ನಡುವೆ ಕ್ಲಿಂಗರನೆಂಬ ಶಿಲ್ಪಿಯು ಕಡೆದ ಅಬ್ಬೆಯ ಮುಖವಿದೆ. ಒಳಗಿನ ಗೋಡೆಗಳಲ್ಲಿ ಮ್ಯೂನಿಯೇ ಎಂಬ ಶಿಲ್ಪಿಯ ಕಂಚಿನ ಫಲಕಗಳಿವೆ. ಅವುಗಳಲ್ಲಿ ಸೂಕ್ಷ್ಮದರ್ಶಕಗಳಿಲ್ಲ, ಪಂಡಿತರಿಲ್ಲ, ದುಡಿಯುವ ಕೂಲಿಗಾರರು ಇದ್ದಾರೆ.